ಕೊನೆಯ ಸೈಕಲ್ಲಿನ ಹಿಂದೆ ಇನ್ನೊಂದು ಸೈಕಲ್

‘ಸೈಕಲ್ ಹೊಡಿಲಾಕ ರೊಕ್ಕ ಕೊಟ್ಟು ಉಡುಪಿ ತನಕ ಹೋಗ್ಬೇಕೇನು? ಇಲ್ಲಿ ರಸ್ತಾ ಇಲ್ಲೇನು?’

ಅವ್ವ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಪನೂರಿನ ನಮ್ಮ ಓಣಿ ದಾಟಿದರೆ ಹುಮನಾಬಾದ್ ರಸ್ತೆ. ಹಗಲೂ ರಾತ್ರಿ ಲಾರಿಗಳು. ಕೈಗಾರಿಕಾ ಪ್ರದೇಶದ ದಾಲ್‌ಮಿಲ್‌ಗಳ ತೊಗರಿ ಹೊಟ್ಟು ಗಾಳಿಗೆ ಹಾರಿ ಅಂಗಳಕ್ಕೆ ಬಂದು ಬೀಳುತ್ತದೆ. ಅಪ್ಪ ಅಂಥದ್ದೇ ಒಂದು ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಸೈಕಲ್ ಅಂದರೆ ಬೈಕಿನಲ್ಲಿ ಪೆಟ್ರೋಲ್ ಇಲ್ಲದ ದಿನ ಹತ್ತುವ ಗಾಡಿ. ಅದನ್ನು ತುಳಿಯಲು ಮೂರು ದಿನಕ್ಕೆ 4,800 ರೂಪಾಯಿ ಕೊಡುತ್ತೇನೆಂದರೆ ಯಾರಾದರೂ ನಗುತ್ತಾರೆ. ದುಡ್ಡು ನನ್ನದೇ ಇತ್ತು. ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟದ್ದು. ಆದರೆ ದುಡ್ಡಿದ್ದರೆ ಸಾಲುವುದಿಲ್ಲ ಎಂಬುದು ಈ ಪುಟ ಓದುವ ಅರ್ಧದಷ್ಟು ಜನರಿಗೆ ಬಿಡಿಸಿ ಹೇಳಬೇಕಿಲ್ಲ.

ನನಗೂ ಒಂದು ಸೈಕಲ್ ಇತ್ತು, 8ನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು. 2006–07ರಲ್ಲಿ ಶುರುವಾದ ಆ ಯೋಜನೆಯಲ್ಲಿ ಕೋವಿಡ್‌ಗೆ ಮುಂಚೆ ಸೈಕಲ್ ಪಡೆದ ಕೊನೆಯ ಬ್ಯಾಚುಗಳಲ್ಲಿ ನಮ್ಮದೂ ಒಂದು. ಎಸ್‌ಎಸ್‌ಎಲ್‌ಸಿವರೆಗೆ ಅದರ ಮೇಲೆಯೇ ಶಾಲೆ, ಹಿಟ್ಟಿನ ಗಿರಣಿ, ಆಯಿಯ ಗುಳಿಗೆ ಎಲ್ಲ. ಪಿಯುಸಿಗೆ ಬಸ್ ಪಾಸ್ ಬಂತು, ಅದರ ಜೊತೆ ‘ದೊಡ್ಡಾಕಿ ಆದಿ, ಇನ್ನ ಸೈಕಲ್ ಸಾಕು’ ಎಂಬ ಮಾತೂ ಬಂತು. ಯಾರು ಹೇಳಿದರೋ ನೆನಪಿಲ್ಲ. ಇಂಥ ಮಾತನ್ನು ಮನೆಯಲ್ಲಿ ಯಾರೂ ಹೇಳಿರುವುದಿಲ್ಲ, ಅದು ತಾನಾಗಿ ಬಂದು ಕೂತಿರುತ್ತದೆ. ಸೈಕಲ್ ಹಿತ್ತಲ ಗೋಡೆಗೆ ಒರಗಿತು. ಅದರ ಬುಟ್ಟಿಯಲ್ಲಿ ಅವ್ವ ಉಳ್ಳಾಗಡ್ಡಿ ಇಡತೊಡಗಿದಳು.

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಸೇಡಂ ಕಡೆಯ ನನ್ನ ಗೆಳತಿ ಮೊಬೈಲಿನಲ್ಲಿ ಒಂದು ಪೋಸ್ಟರ್ ತೋರಿಸಿದಳು. ಉಡುಪಿ ಜಿಲ್ಲೆಯ ಕಡಲ ದಂಡೆಯಲ್ಲಿ ಸೈಕಲ್ ಪ್ರವಾಸ, ಹನ್ನೆರಡು ಜನ, ಎರಡು ರಾತ್ರಿ, ಸೈಕಲ್ಲು, ಹೆಲ್ಮೆಟ್ಟು, ಊಟ, ವಸತಿ ಅವರದ್ದೇ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ‘ಸಂಗಡ ಯಾರ್ ಇರ್ತಾರ?’

ಮುಂದೆ ದಾರಿ ತೋರಿಸಲು ಒಬ್ಬರು ಅಕ್ಕ, ಹಿಂದೆ ಒಬ್ಬರು ಹಿರಿಯರು, ಅವರ ಹಿಂದೆ ನೀರು, ಔಷಧಿ, ಒಂದು ಹೆಚ್ಚಿನ ಸೈಕಲ್ ಇರುವ ವ್ಯಾನ್ ಎಂದೆ. ಅಪ್ಪ ಆ ಅಕ್ಕನ ನಂಬರ್ ಇಸಿದುಕೊಂಡು ಹೊರಗೆ ಹೋಗಿ ಹತ್ತು ನಿಮಿಷ ಮಾತಾಡಿದರು. ಒಳಗೆ ಬಂದು, ‘ಅಕ್ಕೋರು ಚೊಲೊ ಮಾತಾಡಿದ್ರು. ಹೋಗಿ ಬಾ’ ಎಂದರು. ಮಾರ್ಗದರ್ಶಿ ಇರುವ ಪ್ರವಾಸ ಅಂದರೆ ದಾರಿ ಗೊತ್ತಿಲ್ಲದವರಿಗೆ ಎಂದುಕೊಂಡಿದ್ದೆ. ದಾರಿ ಗೂಗಲ್ ತೋರಿಸುತ್ತದೆ. ನನಗೆ ಮಾರ್ಗದರ್ಶಿ ಬೇಕಾಗಿದ್ದದ್ದು ಮನೆಯ ಹೊಸ್ತಿಲು ದಾಟುವುದಕ್ಕೆ.

ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಬೆಳಿಗ್ಗೆ ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಆಮೇಲೆ ದಕ್ಷಿಣಕ್ಕೆ. ಕಡಲನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಮರವಂತೆಯಲ್ಲಿ, ಬಸ್ಸಿನ ಕಿಟಕಿಯಿಂದ. ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಯಾವ ಕಡೆ ನೋಡಬೇಕೆಂದು ತಿಳಿಯದೆ ನಾವಿಬ್ಬರೂ ಬಸ್ಸಿನಲ್ಲಿ ಅತ್ತಿತ್ತ ಓಡಾಡಿದೆವು. ಕಂಡಕ್ಟರ್ ಬೈಯಲಿಲ್ಲ, ಅಭ್ಯಾಸವಾಗಿರಬೇಕು.

ಸಂಜೆ ಮಲ್ಪೆಯಲ್ಲಿ ಸೈಕಲ್ ಹಂಚಿದರು. ಅಕ್ಕ ನನ್ನನ್ನು ಸೀಟಿನ ಮೇಲೆ ಕೂರಿಸಿ, ಪೆಡಲ್ ಪೂರ್ತಿ ಕೆಳಗಿಟ್ಟು, ‘ಈಗ ಮೊಣಕಾಲು ಸ್ವಲ್ಪವೇ ಬಗ್ಗಿರಬೇಕು’ ಎಂದು ಸೀಟನ್ನು ಒಂದು ಗೇಣು ಏರಿಸಿದರು. ನೆಲ ಕಾಲಿಗೆ ಸಿಗುತ್ತಿಲ್ಲ ಎಂದೆ. ‘ನೆಲ ಸಿಗಬೇಕಾದದ್ದು ಇಳಿದ ಮೇಲೆ ಅಲ್ವಾ?’ ಎಂದರು. ಕಪನೂರಿನಲ್ಲಿ ಮೂರು ವರ್ಷ ಮೊಣಕಾಲು ಎದೆಗೆ ಬಡಿಯುವಷ್ಟು ತಗ್ಗಿನ ಸೀಟಿನಲ್ಲಿ ಕೂತು ತುಳಿದು, ಸೈಕಲ್ ಅಂದರೆ ತೊಡೆನೋವು ಎಂದು ನಂಬಿದ್ದೆ. ಗೇರಿನ ಪಾಠವೂ ಅಷ್ಟೇ ಸರಳವಾಗಿತ್ತು: ಏರು ಬರುವ ಮೊದಲೇ ಹಗುರ ಗೇರಿಗೆ ಇಳಿಯಬೇಕು, ಏರಿನ ಮಧ್ಯೆ ಜೋರಾಗಿ ತುಳಿಯುತ್ತ ಬದಲಿಸಿದರೆ ಚೈನ್ ಕಳಚುತ್ತದೆ. ಮರಳು ಹರಡಿದ ಟಾರಿನ ಮೇಲೆ ಮುಂದಿನ ಬ್ರೇಕ್ ಒತ್ತಕೂಡದು. ಈ ಕೊನೆಯದನ್ನು ನನ್ನ ಗೆಳತಿ ಕೇಳಿಸಿಕೊಳ್ಳಲಿಲ್ಲ.

ಬಾಲದಲ್ಲಿ ಬರುವವರು ಐವತ್ತೆಂಟು ದಾಟಿದ ನಿವೃತ್ತ ಬ್ಯಾಂಕ್ ನೌಕರರು. ಉಡುಪಿಯಲ್ಲಿ ಬೇರೇನು ಸಿಗುತ್ತಾರೆ ಹೇಳಿ! ತಂಡದಲ್ಲಿ ಅವರಿಗೆ ‘ಸ್ವೀಪ್’ ಎಂಬ ಹುದ್ದೆ. ನಾನು ನಮ್ಮ ರೂಢಿಯಂತೆ ‘ಕಾಕಾ’ ಎಂದೆ. ‘ಇದುವರೆಗೆ ನನ್ನನ್ನು ಯಾರೂ ಹಾಗೆ ಕರೆದಿಲ್ಲ ಮಾರಾಯ್ತಿ’ ಎಂದು ಖುಷಿಪಟ್ಟರು. ಮೂರನೇ ದಿನದ ಹೊತ್ತಿಗೆ ಬೆಂಗಳೂರಿನವರೂ ಅವರನ್ನು ಕಾಕಾ ಎನ್ನುತ್ತಿದ್ದರು.

ಎರಡನೇ ದಿನ ಬೆಳಕು ಹರಿಯುವಾಗ ಹೊರಟೆವು. ಬೇಗ ಹೊರಡುವುದಕ್ಕೆ ಕಾರಣವಿದೆ. ಹೊತ್ತೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಮಧ್ಯಾಹ್ನಕ್ಕೆ ಕಡಲಿನಿಂದ ಗಾಳಿ ನುಗ್ಗಿ ಸೈಕಲ್ಲನ್ನು ಪಕ್ಕಕ್ಕೆ ತಳ್ಳುತ್ತದೆ. ಮಲ್ಪೆಯಿಂದ ಉತ್ತರಕ್ಕೆ ಹೂಡೆ, ಅಲ್ಲಿಂದ ಕೋಡಿ ಬೆಂಗ್ರೆ. ಅಲ್ಲಿ ನೆಲ ಸಪೂರವಾಗುತ್ತ ಹೋಗಿ, ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ನದಿ, ನಡುವೆ ಒಂದು ರಸ್ತೆ, ಒಂದಿಷ್ಟು ಮನೆ, ತೆಂಗು. ತುದಿಯಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲಿಗೆ ಸೇರುತ್ತವೆ. ನದಿಯ ನಡುವೆ ಹಸಿರು ಮುದ್ದೆಗಳ ಹಾಗೆ ಕಾಣುವ ದ್ವೀಪಗಳಿಗೆ ಇಲ್ಲಿಯವರು ‘ಕುದ್ರು’ ಎನ್ನುತ್ತಾರೆ. ಕೆಮ್ಮಣ್ಣಿನ ಹತ್ತಿರ ತಿಮ್ಮಣ್ಣ ಕುದ್ರುವಿಗೆ ತೂಗುಸೇತುವೆಯೇ ಇದೆ. ದ್ವೀಪ ಅಂದರೆ ನಕ್ಷೆಯಲ್ಲಿ ದೂರದ ಚುಕ್ಕೆ ಎಂದುಕೊಂಡಿದ್ದವಳಿಗೆ, ಹಾಲು ತರಲು ಸೇತುವೆ ದಾಟುವ ದ್ವೀಪವಾಸಿಗಳನ್ನು ನೋಡಿ ಬೆರಗಾಯಿತು.

ಬೆರಗು ಬಹಳ ಹೊತ್ತು ಉಳಿಯಲಿಲ್ಲ. ಕಲಬುರಗಿಯವಳು ನಾನು, ಮೇ ತಿಂಗಳ 43 ಡಿಗ್ರಿಯಲ್ಲಿ ಬಸ್ಸಿಗೆ ಕಾದವಳು, ಫೆಬ್ರುವರಿಯ ಬಿಸಿಲು ಏನು ಮಾಡೀತು ಎಂಬ ಸೊಕ್ಕು ನನಗಿತ್ತು. ಆದರೆ ನಮ್ಮ ಬಿಸಿಲು ಒಣ ಬಿಸಿಲು. ಬೆವರು ಬಂದದ್ದೇ ಆರುತ್ತದೆ, ಆರುವಾಗ ಮೈ ತಂಪು ಮಾಡುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಸುರಿಯುತ್ತದೆ. ಒಂಬತ್ತು ಗಂಟೆಗೆ ನನ್ನ ಅಂಗಿ ಹಿಂಡುವ ಹಾಗಾಗಿತ್ತು, ತಲೆ ತಿರುಗುತ್ತಿತ್ತು, ಮುಂದಿನ ಹನ್ನೊಂದು ಸೈಕಲ್‌ಗಳು ತಿರುವಿನಲ್ಲಿ ಕಾಣೆಯಾಗಿದ್ದವು. ಥರ್ಮೊಡೈನಾಮಿಕ್ಸಿನ ಪಾಠ ಗೊತ್ತಿದ್ದೂ ನೀರಿನ ಬಾಟಲಿ ಮುಟ್ಟಿರಲಿಲ್ಲ.

ನಿಂತುಬಿಟ್ಟೆ. ಅಳು ಬಂತು, ನಿಜ ಹೇಳುತ್ತೇನೆ. ಸುಸ್ತಿಗಿಂತ ನಾಚಿಕೆಗೆ. ಮನೆಯಲ್ಲಿ ಅಷ್ಟು ಜಗ್ಗಾಡಿ ಬಂದು, ಮೊದಲ ಬೆಳಿಗ್ಗೆಯೇ ವ್ಯಾನ್ ಹತ್ತಿದರೆ ಅವ್ವನಿಗೆ ಏನು ಹೇಳಲಿ?

ಕಾಕಾ ನನ್ನ ಹಿಂದೆಯೇ ನಿಂತರು. ಏನೂ ಕೇಳಲಿಲ್ಲ. ಓಆರ್‌ಎಸ್ ಪುಡಿ ಕಲಸಿ ಕೊಟ್ಟು, ತೆಂಗಿನ ನೆರಳಿಗೆ ಕರೆದೊಯ್ದು, ತಮ್ಮ ಸೈಕಲ್ಲಿನ ಚೈನ್ ಒರೆಸುತ್ತ ಕೂತರು. ‘ನೀವು ಹೋಗ್ರಿ ಕಾಕಾ, ನನ್ನಿಂದ ಎಲ್ಲರಿಗೂ ತಡ ಆಗ್ಲಾಕತ್ತದ’ ಎಂದೆ.

‘ನಾನು ಹೋದರೆ ನೀವು ಕೊನೆಯವರಾಗ್ತೀರಿ’ ಎಂದರು. ‘ನಾನು ಇರುವ ತನಕ ನೀವು ಕೊನೆಗಿಂತ ಒಂದು ಮುಂದೆ. ಕೊನೆ ಅನ್ನುವುದು ನನ್ನ ಕೆಲಸ. ಅದನ್ನು ನೀವು ಕಸಿಯಬೇಡಿ ಮಾರಾಯ್ತಿ.’

ತಂಡದ ನಿಯಮವನ್ನು ಅಲ್ಲೇ ಬಿಡಿಸಿ ಹೇಳಿದರು. ಮುಂದಿನವರು ದಾರಿ ನೋಡುತ್ತಾರೆ, ಆದರೆ ವೇಗ ತೀರ್ಮಾನಿಸುವುದು ಹಿಂದಿನವರು. ಪ್ರತಿ ತಿರುವಿನಲ್ಲಿ ಒಬ್ಬರು ನಿಂತು, ಕೊನೆಯ ಸೈಕಲ್ ಕಾಣುವ ತನಕ ಕಾಯಬೇಕು. ಯಾರೂ ಸ್ವೀಪ್‌ನ ಹಿಂದೆ ಉಳಿಯುವಂತಿಲ್ಲ. ನಿಂತವರು ಕೆಟ್ಟವರಲ್ಲ, ಹೇಳದೆ ನಿಲ್ಲುವವರು ಕೆಟ್ಟವರು. ಇಪ್ಪತ್ತು ನಿಮಿಷದ ನಂತರ ಹೊರಟೆವು. ತಿರುವಿನಲ್ಲಿ ನಿಜಕ್ಕೂ ಒಬ್ಬ ಹುಡುಗ ಬಾಳೆಹಣ್ಣು ಹಿಡಿದುಕೊಂಡು ಕಾಯುತ್ತಿದ್ದ. ಅವನ ಮುಖದಲ್ಲಿ ಬೇಸರವಿತ್ತು. ಇದ್ದರೂ ಕಾದಿದ್ದ.

ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಿರುವ ನನಗೆ ಇದು ಹೊಸದಾಗಿ ಕಂಡದ್ದಕ್ಕೆ ಕಾರಣವಿದೆ. ನಮ್ಮ ತರಗತಿಯಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡವರ ಜೊತೆ ಕೂರುವವರೇ ಇಲ್ಲ. ಅಲ್ಲಿ ಮುಂದಿನ ಬೆಂಚಿನವರಿಗೆ ಮಾತ್ರ ಮಾರ್ಗದರ್ಶಿ. ಅದು ಬೇರೆ ಲೇಖನ, ಇರಲಿ.

ಮಧ್ಯಾಹ್ನ ಸೈಕಲ್ ಬಿಟ್ಟು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಅಲ್ಲಿ ಮನೆಗಳಿಲ್ಲ. ಇರುವುದು ತೆಂಗು, ಚಿಪ್ಪಿನ ಮರಳು ಮತ್ತು ಕಲ್ಲು. ಯಾರೋ ಸಾಣೆ ಹಿಡಿದು ನಿಲ್ಲಿಸಿದಂಥ ಐದಾರು ಮೂಲೆಯ ಕಂಬಗಳು. ಲಾವಾ ತಣಿದು ಕುಗ್ಗುವಾಗ ಹೀಗೆ ಬಿರುಕು ಬಿಡುತ್ತದೆ ಎಂದು ಜಿಯಾಲಜಿ ಪಠ್ಯದಲ್ಲಿ ಚಿತ್ರ ಸಮೇತ ಓದಿದ್ದೆ, ಅಂಕಕ್ಕಾಗಿ. ಈ ಕಲ್ಲು ಸುಮಾರು 8.8 ಕೋಟಿ ವರ್ಷಗಳ ಹಿಂದಿನದು. ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಕಿತ್ತುಕೊಂಡು ಹೋದ ಕಾಲದ್ದು. ನಮ್ಮ ಕಲಬುರಗಿಯ ಎರೆ ಮಣ್ಣಿನ ತಾಯಿಯೂ ಲಾವಾ ಕಲ್ಲೇ, ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಜ್ವಾಲಾಮುಖಿಯ ಕೊಡುಗೆ. ಅಂದರೆ ತೊಗರಿ ಬೆಳೆಯುವ ನಮ್ಮ ಹೊಲ ಈ ದ್ವೀಪಕ್ಕಿಂತ ಎರಡು ಕೋಟಿ ವರ್ಷ ಚಿಕ್ಕದು. ಗೆಳತಿಗೆ ಹೇಳಿದೆ. ‘ಹೌದಾ, ಮೊದಲು ಫೋಟೊ ತಗಿ’ ಎಂದಳು.

ಆ ರಾತ್ರಿ ಮೈಕೈ ನೋವಿನಲ್ಲಿ ನಿದ್ದೆ ಬಾರದೆ, ಬೇರೆ ದೇಶದವರು ದ್ವೀಪಗಳಲ್ಲಿ ಹೇಗೆ ಸೈಕಲ್ ಹೊಡೆಯುತ್ತಾರೆ ಎಂದು ಹುಡುಕುತ್ತ ಕೂತೆ. ಜಪಾನಿನಲ್ಲಿ ಶಿಮಾನಾಮಿ ಕಾಯ್ದೋ ಎಂಬ ದಾರಿ ಇದೆ. ಒನೊಮಿಚಿಯಿಂದ ಇಮಾಬಾರಿವರೆಗೆ ಸುಮಾರು 70 ಕಿ.ಮೀ., ನಡುವೆ ಆರು ದ್ವೀಪಗಳು. 1999ರಲ್ಲಿ ಪೂರ್ಣಗೊಂಡ ಈ ಹಾದಿಯ ಸೇತುವೆಗಳಲ್ಲಿ ಸೈಕಲ್ಲಿಗೂ ಜಾಗ ಬಿಟ್ಟಿದ್ದಾರೆ. ದಾರಿ ತಪ್ಪದಿರಲಿ ಎಂದು ರಸ್ತೆ ಅಂಚಿಗೆ ನೀಲಿ ಗೆರೆ ಎಳೆದಿದ್ದಾರೆ. ಒಂದು ಕಡೆ ಬಾಡಿಗೆಗೆ ಪಡೆದ ಸೈಕಲ್ಲನ್ನು ಇನ್ನೊಂದು ಊರಿನ ಕೇಂದ್ರದಲ್ಲಿ ಬಿಡಬಹುದು. ತೈವಾನಿನಲ್ಲಿ ಇಡೀ ದ್ವೀಪವನ್ನೇ ಸುತ್ತುತ್ತಾರೆ. ಸೈಕಲ್ ತಯಾರಿಸುವ ಜೈಂಟ್ ಕಂಪನಿಯ ಸ್ಥಾಪಕ ಕಿಂಗ್ ಲಿಯು 2007ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ, ಅಲ್ಲಿ ಒಂದು ಸುತ್ತು ಹಾಕಿದ್ದರು. ಅಲ್ಲಿ ಈಗ ಸುಮಾರು 960 ಕಿ.ಮೀ. ಉದ್ದದ ಗುರುತು ಮಾಡಿದ ಸೈಕಲ್ ಹಾದಿಯಿದೆ. ಮುಂದೆ ಮಾರ್ಗದರ್ಶಿ, ಹಿಂದೆ ವಾಹನ ಇಟ್ಟುಕೊಂಡು ಗುಂಪಾಗಿ ಸುತ್ತಿಸುವ ಪ್ರವಾಸಗಳೂ ಇವೆ.

ನಮ್ಮ ರಾಜ್ಯಕ್ಕೆ ಸುಮಾರು 320 ಕಿ.ಮೀ. ಕರಾವಳಿ ಇದೆ. ಅದರ ಉದ್ದಕ್ಕೂ ಸೈಕಲ್ಲಿನಲ್ಲಿ ಹೋಗಬೇಕೆಂದರೆ ಅಲ್ಲಲ್ಲಿ ಹೆದ್ದಾರಿ 66ಕ್ಕೆ ಬಂದು ಲಾರಿಗಳ ಪಕ್ಕ ಉಸಿರು ಬಿಗಿಹಿಡಿಯಬೇಕು. ನೀಲಿ ಗೆರೆ ಎಳೆಯಲು ಎಷ್ಟು ಬಣ್ಣ ಬೇಕು? ಸಿವಿಲ್ ವಿದ್ಯಾರ್ಥಿನಿಯಾಗಿ ಹೇಳುತ್ತೇನೆ, ಬಣ್ಣ ಸುಲಭ. ನದಿ ಅಡ್ಡ ಬಂದಲ್ಲಿ ಸೈಕಲ್ಲಿಗೆ ಸೇತುವೆಯನ್ನೋ ದೋಣಿಯನ್ನೋ ಹೊಂದಿಸುವುದು ಕಷ್ಟ. ಗೆರೆ ಬರುವ ತನಕ ಇಲ್ಲಿನ ಸಣ್ಣ ದಾರಿಗಳನ್ನು ಬಲ್ಲ ಇಂಥ ತಂಡಗಳೇ ನಮ್ಮ ನೀಲಿ ಗೆರೆ.

ಮೂರನೇ ದಿನ ದಕ್ಷಿಣಕ್ಕೆ. ಮಲ್ಪೆ ಬಂದರಿನ ಪಕ್ಕದ ಸೇತುವೆ ದಾಟಿದರೆ ಪಡುಕೆರೆ. ಮತ್ತೆ ಅದೇ ಚಿತ್ರ, ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಆದರೆ ಈ ಸಲ ನನ್ನ ಬಾಟಲಿ ಅರ್ಧ ಖಾಲಿ, ಕಾಲು ಹಗುರ. ಕೆಲವು ಕಡೆ ಕಡಲ ಬದಿಗೆ ದೊಡ್ಡ ದೊಡ್ಡ ಬಂಡೆ ಸುರಿದಿದ್ದರು. ಕಡಲ್ಕೊರೆತ ತಡೆಯಲು ಹಾಕಿದ ಗೋಡೆ. ಅಕ್ಕನ ಪಟ್ಟಿಯಲ್ಲಿ ಅಲ್ಲಿ ನಿಲ್ಲುವುದು ಇರಲಿಲ್ಲ, ಇದ್ದದ್ದು ಮುಂದಿನ ಫೋಟೊ ಜಾಗ. ಮಾರ್ಗದರ್ಶಿ ಇರುವ ಪ್ರವಾಸದ ಮೇಲೆ ನನಗಿರುವ ತಕರಾರು ಇದೇ. ಚಂದದ ಕಡೆ ನಿಲ್ಲಿಸುತ್ತಾರೆ, ಉಳಿದದ್ದು ಪಕ್ಕದಲ್ಲಿ ಹಾದುಹೋಗುತ್ತದೆ. ಕೈ ಎತ್ತಿ ನಿಲ್ಲಿಸಿದೆ.

ಮೀನು ಒಣಹಾಕುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನೇ ನೋಡುತ್ತಿದ್ದರು. ಅವರಿಗೆ ತುಳು, ನನಗೆ ಕಲಬುರಗಿ ಕನ್ನಡ. ನಡುವೆ ಅಕ್ಕ ನಿಂತು ಎರಡನ್ನೂ ದಾಟಿಸಿದರು. ಮೊದಲು ಇದ್ದ ತೆಂಗಿನ ಸಾಲು ಎಲ್ಲಿ ಎಂದು ಕೇಳಿಸಿದೆ. ಅಜ್ಜಿ ಕೈಯೆತ್ತಿ ಅಲೆ ಒಡೆಯುತ್ತಿದ್ದ ಜಾಗ ತೋರಿಸಿದರು. ಆಮೇಲೆ ಅವರ ಪ್ರಶ್ನೆ: ಈ ಹುಡುಗಿ ಅಷ್ಟು ದೂರದಿಂದ ಸೈಕಲ್ ಮೇಲೇ ಬಂದಳಾ? ಬಸ್ಸಿನಲ್ಲಿ ಎಂದು ತಿಳಿದಾಗ ಅವರ ಮುಖದಲ್ಲಿ ಆಸಕ್ತಿ ಇಳಿದದ್ದು ಸ್ಪಷ್ಟವಾಗಿ ಕಂಡಿತು.

ಮಟ್ಟುವಿನ ಹತ್ತಿರ ಗೆಳತಿ ಮರಳಿನ ಮೇಲೆ ಮುಂದಿನ ಬ್ರೇಕ್ ಒತ್ತಿದಳು. ಮೊಣಕೈ ತರಚಿತು, ವ್ಯಾನಿನಲ್ಲಿ ಪಟ್ಟಿ ಕಟ್ಟಿದರು, ಮತ್ತೆ ಹತ್ತಿದಳು. ಮಟ್ಟು ಅಂದರೆ ಗುಳ್ಳ, ಅಲ್ಲಿಯ ದುಂಡನೆಯ ಹಸಿರು ಬದನೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಮಧ್ಯಾಹ್ನದ ಊಟಕ್ಕೆ ಅದರ ಹುಳಿ. ನಮ್ಮ ಬುತ್ತಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ನಮ್ಮ ಕಮಲಾಪುರದ ಕೆಂಪು ಬಾಳೆಗೂ ಅದೇ ಗುರುತಿದೆ ಎಂದು ಜಂಬ ಕೊಚ್ಚಿದೆ. ‘ತಂದಿದ್ದೀರಾ?’ ಎಂದು ಕಾಕಾ ಕೇಳಿದರು. ತಂದಿರಲಿಲ್ಲ. ಕಪನೂರಿನಿಂದ ಕಮಲಾಪುರ ಮೂವತ್ತು ಕಿ.ಮೀ. ಆಸುಪಾಸು, ಬಸ್ಸಿನಲ್ಲಿ ನೂರು ಸಲ ಹಾದಿದ್ದೇನೆ, ಇಳಿದು ಬಾಳೆ ತೋಟ ನೋಡಿಲ್ಲ ಎಂಬುದು ಆಗ ಹೊಳೆಯಿತು.

ಕಾಪುವಿನ ದೀಪಸ್ತಂಭದ ಕೆಳಗೆ ನಮ್ಮ ಸೈಕಲ್‌ಗಳನ್ನು ವಾಪಸ್ ತೆಗೆದುಕೊಂಡರು. 1901ರಲ್ಲಿ ಕಟ್ಟಿದ್ದು, ಬಂಡೆಯ ಮೇಲೆ ನಿಂತಿದೆ. ಮೇಲೆ ಹತ್ತುವ ಸಮಯ ಆಗಿರಲಿಲ್ಲ, ಕೆಳಗೇ ಕೂತೆವು.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಸೇಂಟ್ ಮೇರೀಸ್‌ಗೆ ದೋಣಿ ಇರುವುದಿಲ್ಲ, ಕಡಲೂ ಒರಟು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಆಯೋಜಕರಿಗೆ ದುಡ್ಡು ಕಟ್ಟುವ ಮೊದಲು ದಿನಕ್ಕೆ ಎಷ್ಟು ಕಿ.ಮೀ. ಎಂದು ಎಲ್ಲರೂ ಕೇಳುತ್ತಾರೆ. ನೀವು ‘ಕೊನೆಗೆ ಯಾರು ಇರುತ್ತಾರೆ?’ ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಬಿಡಿ. ಹೆಲ್ಮೆಟ್, ಪ್ರಥಮ ಚಿಕಿತ್ಸೆ, ರದ್ದಾದರೆ ದುಡ್ಡು ವಾಪಸ್ ಬರುವ ಬಗೆ, ಇವನ್ನು ಬರಹದಲ್ಲಿ ಪಡೆಯಿರಿ. ಇನ್ನೂ ದೊಡ್ಡ ಗುಂಪಿನಲ್ಲಿ ಹೋಗುವ ಆಸೆ ಇದ್ದರೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಗೋವಾದಲ್ಲಿ ಸೈಕಲ್ ಶಿಬಿರ ನಡೆಸುತ್ತ ಬಂದಿದೆ. ಇದಾವುದಕ್ಕೂ ದುಡ್ಡಿಲ್ಲದಿದ್ದರೆ ನಿಮ್ಮ ಊರಿನ ಹಿತ್ತಲಲ್ಲಿ ಉಳ್ಳಾಗಡ್ಡಿ ಹೊತ್ತು ನಿಂತ ಸೈಕಲ್ ಒಂದು ಇದ್ದೇ ಇರುತ್ತದೆ.

ಊರಿಗೆ ಬಂದ ಮರುದಿನ ನನ್ನದನ್ನು ಹೊರಗೆ ಎಳೆದೆ. ಎರಡು ಟೈರು, ಟ್ಯೂಬು, ಬ್ರೇಕ್ ರಬ್ಬರ್ ಬದಲಿಸಬೇಕಾಯಿತು. ಸೀಟು ಏರಿಸಲು ಹೋದರೆ ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಅಪ್ಪ ಮಿಲ್ಲಿನಿಂದ ಎಣ್ಣೆ ಡಬ್ಬಿ ತಂದು ರಾತ್ರಿಯಿಡೀ ನೆನೆಸಿಟ್ಟು ಬೆಳಿಗ್ಗೆ ಏರಿಸಿಕೊಟ್ಟರು. ಕಾಲೇಜಿನ ಆರು ಹುಡುಗಿಯರು ಕಮಲಾಪುರಕ್ಕೆ ಬರುತ್ತೇವೆಂದರು. ಹೊರಡುವ ಭಾನುವಾರ ನಾಲ್ವರು ಉಳಿದೆವು. ಲಾರಿ ಕಡಿಮೆ ಇರುವಾಗ ಸಾಗಬೇಕೆಂದು ಬೆಳಗಿನ ಆರಕ್ಕೆ ಹುಮನಾಬಾದ್ ರಸ್ತೆ ಹಿಡಿದೆವು. ಮೊದಲ ಸಲ ಮಹಾಗಾಂವ ಕ್ರಾಸ್‌ವರೆಗೆ ಮಾತ್ರ ಹೋಗಲಾಯಿತು. ಚಹಾ ಕುಡಿದು ತಿರುಗಿ ಬಂದೆವು. ಕೆಂಪು ಬಾಳೆ ಇನ್ನೂ ಬಾಕಿ ಇದೆ.

ಹೊರಡುವಾಗ ಯಾರು ಮುಂದೆ ಎಂದು ಜಗಳವಾಯಿತು. ಅಪ್ಪ ಬೈಕಿಗೆ ಕಿಕ್ ಹೊಡೆಯುತ್ತ ಕೇಳಿದ್ದು ಮಾತ್ರ ಬೇರೆ: ‘ಹಿಂದ ಯಾರ್ ಇರ್ತೀರಿ?’

ನಾನು ಎಂದೆ.